ರಾಳ ಕುಡಿದ ಬೋಲ್ಟು

ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಕೈ ಚಾಚಿದ ವೆಂಕಟನ ಬೆರಳಿಗೆ, ಬೋಲ್ಟು ಇರಬೇಕಾದ ಜಾಗದಲ್ಲಿ ಕಲ್ಲಿನಂಥದೊಂದು ಗಂಟು ಸಿಕ್ಕಿತು. ಉಗುರಿನಿಂದ ಕೆರೆದು ನೋಡಿದ. ಉಗುರು ಮುರಿಯಿತೇ ಹೊರತು ಗಂಟು ಅಲುಗಲಿಲ್ಲ. ಬೆರಳನ್ನು ಮೂಗಿನ ಹತ್ತಿರ ತಂದರೆ ಹಳೇ ಮೀನೆಣ್ಣೆಯ ವಾಸನೆ. ಇಂಜಿನ್ನಿನ ಹೊಟ್ಟೆಯ ಕೆಳಗೆ ಮೀನೆಣ್ಣೆಗೆ ಏನು ಕೆಲಸ ಎಂದು ಅವನಿಗೆ ಹೊಳೆಯಲಿಲ್ಲ. 

ಬೆಳಗಿನ ಬಿಸಿಲು ಇನ್ನೂ ತೆಂಗಿನ ಬುಡಕ್ಕೆ ಇಳಿದಿರಲಿಲ್ಲ. ಮಂಕಿಯ ಆ ಅಂಗಳದ ಒಂದು ಬದಿಗೆ ಅವನ ಅಣ್ಣ ಬೀರಪ್ಪ ಕಟ್ಟುತ್ತಿದ್ದ ದೋಣಿ ಪಕ್ಕೆಲುಬು ತೋರಿಸುತ್ತ ನಿಂತಿತ್ತು. ಇನ್ನೊಂದು ಬದಿಗೆ, ತೆಂಗಿನ ಮಡಲಿನ ಚಪ್ಪರದ ಕೆಳಗೆ ಈ ಕಾರು. ಯುದ್ಧ ಶುರುವಾಗಿ ಪೆಟ್ರೋಲು ಕೂಪನ್ನಿಗೆ ಬಿದ್ದ ಕಾಲದಲ್ಲಿ ಕಾರನ್ನು ಇಲ್ಲಿ ನಿಲ್ಲಿಸಿ, ಅಣ್ಣನ ಕೈಯಲ್ಲಿ ಬೀಗದ ಕೈ ಇಟ್ಟು, ವೆಂಕಟ ಮಿಲಿಟರಿ ಲಾರಿ ಓಡಿಸಲು ಹೋಗಿದ್ದ. ಯುದ್ಧ ಮುಗಿಯಿತು. ದೇವರ ದಯದಿಂದ ಅವನು ಕೈಕಾಲು ಸಮೇತ ತಿರುಗಿ ಬಂದ. ಬಂದವನಿಗೆ ಗೊತ್ತಿದ್ದ ಕೆಲಸವೆಂದರೆ ಸ್ಟೇರಿಂಗು ಹಿಡಿಯುವುದೊಂದೇ. ದೋಣಿಯ ಕೆಲಸ ಅವನ ಕೈಗೆ ಚಿಕ್ಕಂದಿನಿಂದಲೂ ಹತ್ತಿರಲಿಲ್ಲ.

ಅವತ್ತು ಕಾರವಾರದಿಂದ ಮೋಟಾರ್ ಇನ್ಸ್‌ಪೆಕ್ಟರ್ ಸಾಹೇಬರು ಕುಮಟೆಗೆ ಬರುವವರಿದ್ದರು. ಬಾಡಿಗೆ ಓಡಿಸಬೇಕೆನ್ನುವವರ ಗಾಡಿಗಳೆಲ್ಲ ಸಂಜೆಯೊಳಗೆ ಅಲ್ಲಿಯ ಸರಕಾರಿ ಬಂಗಲೆಯ ಮುಂದೆ ಬಂದು ನಿಲ್ಲಬೇಕು. ತಮ್ಮದೇ ಇಂಜಿನ್ನಿನ ಬಲದಿಂದ ಬರಬೇಕು. ಎತ್ತು ಕಟ್ಟಿ ಎಳೆದು ತಂದರೆ ನಡೆಯದು. ಪಾಸಾದ ಗಾಡಿಗೆ ಪರ್ಮಿಟ್ಟು. ಬಾರದೆ ಹೋದ ಗಾಡಿಯ ಜಾಗಕ್ಕೆ ಭಟ್ಕಳದ ಕಡೆಯ ಗಾಡಿಗಳು ಕಾದು ಕೂತಿದ್ದವು. ಇದರ ಮಧ್ಯೆ ಶರಾವತಿ ಹೊಳೆ ಬೇರೆ. ಕಾಸರಕೋಡಿನಲ್ಲಿ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಕಾರು ಹತ್ತಿಸಿ ಹೊನ್ನಾವರದ ದಡ ಸೇರಬೇಕು. ಕಡಲು ಉಕ್ಕಿ ಹೊಳೆಗೆ ಭರತದ ನೀರು ಏರಿದ್ದಾಗ ಮಾತ್ರ ಅದು ಸಾಧ್ಯ. ನೀರು ಇಳಿಯಿತೆಂದರೆ ಜಂಗಲು ತಗ್ಗಿ, ಹತ್ತುವ ಹಲಗೆ ಗೋಡೆಯ ಹಾಗೆ ಕಡಿದಾಗುತ್ತದೆ. ಜಂಗಲಿನವರು ಕಾರಿನ ಕಡೆ ತಿರುಗಿಯೂ ನೋಡುವುದಿಲ್ಲ. ಊಟದ ಹೊತ್ತು ತಪ್ಪುವುದರೊಳಗೆ ಹೊಳೆ ದಾಟಿದರೆ ದಾಟಿದಂತೆ.

ಕೂಪನ್ನಿನ ಪೆಟ್ರೋಲು, ಹೊಸ ಇಂಜಿನ್ ಎಣ್ಣೆಯ ಡಬ್ಬಿ ಎರಡೂ ನಿನ್ನೆ ಸಂಜೆಯಷ್ಟೇ ಕೈಗೆ ಬಂದಿದ್ದವು. ಪ್ಲಗ್ಗು ತೊಳೆದಾಗಿತ್ತು, ಚಕ್ರಕ್ಕೆ ಗಾಳಿ ಹೊಡೆದಾಗಿತ್ತು. ಬೆಳಗ್ಗೆ ಎದ್ದು ಹಳೇ ಎಣ್ಣೆ ಇಳಿಸಿ ಹೊಸದು ಹೊಯ್ದರೆ ಆತು ಎಂದುಕೊಂಡು ಇಂಜಿನ್ನಿನ ಎಣ್ಣೆ ನೋಡುವ ಕಡ್ಡಿಯನ್ನು ಮೇಲೆತ್ತಿದಾಗ ವೆಂಕಟನ ಮುಖ ಕಪ್ಪಿಟ್ಟಿತು. ಕಡ್ಡಿಯ ತುದಿಗೆ ಎಣ್ಣೆಯಲ್ಲ, ಒಡೆದ ಮಜ್ಜಿಗೆಯಂಥ ಬಿಳಿ ಲೋಳೆ. ಇಂಜಿನ್ನಿನ ಹೊಟ್ಟೆಗೆ ನೀರು ಹೋಗಿದೆ. ಅದನ್ನು ಇಳಿಸದೆ ಓಡಿಸಿದರೆ ಒಳಗಿನ ಕಬ್ಬಿಣವೆಲ್ಲ ಒಂದನ್ನೊಂದು ಕಚ್ಚಿ ಹಿಡಿದು ಕಾಸರಕೋಡು ಮುಟ್ಟುವ ಮೊದಲೇ ಕಾರು ಸತ್ತುಹೋಗುತ್ತದೆ. ಇಳಿಸಲಿಕ್ಕೆ ಇರುವ ದಾರಿ ಅಡಿಯ ಆ ಬೋಲ್ಟು ಒಂದೇ.

"ಅಣ್ಣಾ, ಓ ಅಣ್ಣಾ! ಇಲ್ಲಿ ಅಡೀಗೆ ಎಂತ ಹಚ್ಚಿದ್ದು?"

ದೋಣಿಯ ಹಿಂದಿನಿಂದ ಬೀರಪ್ಪ ಉಳಿ ಹಿಡಿದುಕೊಂಡೇ ಬಂದ. ಬಗ್ಗಿ ನೋಡಿದವನ ಮುಖ ಅರಳಿತು.

"ಅದಾ? ಅದು ನಾನೇ ಮುಚ್ಚಿದ್ದು. ನೀ ಹೋದ ಮೇಲೆ ದಿನಾ ಅಲ್ಲಿಂದ ಹನಿ ಬೀಳ್ತಿತ್ತು ಮಾರಾಯಾ. ಬೋಲ್ಟು ಸಡಿಲ ಮಾಡಿ, ಹತ್ತಿ ನೂಲು ಸುತ್ತಿ, ರಾಳ, ಮೀನೆಣ್ಣೆ ಕಾಸಿ ಹೊಯ್ದು ತಿರುಗಿ ಬಿಗಿದೆ. ಬಾಚಿಯ ಹಿಡಿಯನ್ನೇ ಸನ್ನೆ ಹಾಕಿ ಬಿಗಿದದ್ದು. ಕಾಣು, ಇವತ್ತಿನ ತನಕ ಒಂದು ಹನಿ ಬಿದ್ದಿದ್ದರೆ ನನ್ನ ಕೇಳು!"

ವೆಂಕಟ ಮಲಗಿದಲ್ಲೇ ಕಣ್ಣು ಮುಚ್ಚಿಕೊಂಡ. ಮೀನೆಣ್ಣೆಯಲ್ಲಿ ಕಾಸಿದ ರಾಳ ಎಂದರೆ ಏನೆಂದು ಅವನಿಗೂ ಗೊತ್ತು. ದೋಣಿಯ ಹಲಗೆಗಳ ಸಂದಿಗೆ ಅದನ್ನು ತುಂಬಿದ ಮೇಲೆ ಹಲಗೆ ಕೊಳೆತುಹೋದರೂ ಸಂದು ಮಾತ್ರ ಹಾಗೆಯೇ ಉಳಿಯುತ್ತದೆ. ದೋಣಿಯಲ್ಲಿ ತೂತು ಎಂಬುದು ಇರಲೇಬಾರದ ವಸ್ತು. ಅದನ್ನು ಮುಚ್ಚುವುದೇ ಬೀರಪ್ಪನ ಕುಲದ ಕಸುಬು, ಅದೇ ಅವನ ಧರ್ಮ. ತೆರೆಯುವುದಕ್ಕೆಂದೇ ಮಾಡಿದ ತೂತೊಂದು ಲೋಕದಲ್ಲಿ ಇರಬಹುದೆಂದು ಅವನಿಗೆ ಯಾರು ಹೇಳಬೇಕು?

"ಮತ್ತೆ ನೀರು? ಇಂಜಿನ್ನಿನ ಒಳಗೆ ನೀರು ಹ್ಯಾಂಗೆ ಹೋತು?"

"ನೀರು ಎಲ್ಲಿಂದ ಹೋಗ್ತದೆ? ಮಳೆಗಾಲದಲ್ಲಿ ಮಡಲು ಹೊದೆಸ್ತಿದ್ದೆ ನಾನು." ಬೀರಪ್ಪ ಸ್ವಲ್ಪ ಯೋಚಿಸಿ, ತಗ್ಗಿದ ದನಿಯಲ್ಲಿ ಸೇರಿಸಿದ: "ನವರಾತ್ರಿಗೆ ಮಾತ್ರ ಇಂಜಿನ್ನಿನ ಮುಚ್ಚಳ ಎತ್ತಿ ಮೀಸ್ತಿದ್ದೆ. ಬಾವಿ ನೀರು, ಒಂದೆರಡು ಸೀಯಾಳ. ಪೂಜೆ ಮಾಡುವ ಹೊತ್ತಿಗೆ ಮೀಸದೆ ಹ್ಯಾಂಗೆ ಕುಂಕುಮ ಹಚ್ಚೂದು?"

ಬೇಲಿಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ನೆರೆಮನೆಯ ಕುಪ್ಪ ಬಾಯಿಯ ಎಲೆಯಡಿಕೆಯ ಕವಳ ಉಗಿದು ನಕ್ಕ. ಊರಿನ ಯಾವ ಸಂಕಟಕ್ಕೂ ಮೊದಲು ಬಂದು ನಿಲ್ಲುವವನು, ಕೊನೆಯವರೆಗೂ ನಿಂತೇ ಇರುವವನು ಅವನು.

"ಸೀಯಾಳ ಕುಡಿದದ್ದಕ್ಕೆ ಅದಕ್ಕೆ ಶೀತ ಆಗಿದೆ ವೆಂಕಟಾ. ಕಾಳುಮೆಣಸಿನ ಕಷಾಯ ಹೊಯ್ಯಿ!"

"ಸುಮ್ಮನಿರು ಕುಪ್ಪಣ್ಣಾ."

"ಆತಪ್ಪ, ನಾ ಎಂತ ಹೇಳಿದೆ ಈಗ?"

ವೆಂಕಟ ಅಣ್ಣನ ಕೈಯಿಂದ ಉಳಿ ತೆಗೆದುಕೊಂಡು ಗಂಟನ್ನು ಒಡೆಯತೊಡಗಿದ. ರಾಳ ಚೂರುಚೂರಾಗಿ ಅವನ ಕಣ್ಣಿಗೆ, ಬಾಯಿಗೆ ಉದುರಿತು. ಬಹಳ ಹೊತ್ತಿನ ಮೇಲೆ ಬೋಲ್ಟಿನ ತಲೆ ಕಂಡಿತು. ಅದಕ್ಕೆ ಬೋಲ್ಟು ತಿರುಗಿಸುವ ಪಾನಾ ಕೂರಿಸಿ, ದೇವರ ಹೆಸರು ಹೇಳಿ ಎಳೆದ. ಇಲ್ಲ. ಕಾಲನ್ನು ಚಕ್ರಕ್ಕೆ ಒತ್ತಿಕೊಟ್ಟು ಎಳೆದ. ಪಾನಾ ತಟ್ಟನೆ ಜಾರಿ ಅವನ ಬೆರಳ ಗೆಣ್ಣು ಕಬ್ಬಿಣಕ್ಕೆ ಬಡಿದು ಸಿಪ್ಪೆ ಎದ್ದಿತು. ರಕ್ತ ಒರೆಸಿಕೊಂಡು ಬೋಲ್ಟನ್ನು ಮುಟ್ಟಿ ನೋಡಿದ. ಆರು ಮೂಲೆಗಳಲ್ಲಿ ಒಂದು ಮೂಲೆ ಆಗಲೇ ಉರುಟಾಗತೊಡಗಿತ್ತು. ನೋವಿಗಿಂತ ಆ ಮೂಲೆ ಅವನನ್ನು ಹೆದರಿಸಿತು. ಇನ್ನೊಂದೆರಡು ಸಲ ಹೀಗೆ ಜಾರಿದರೆ ಹಿಡಿಯಲಿಕ್ಕೇ ಏನೂ ಉಳಿಯುವುದಿಲ್ಲ.

ಅಡುಗೆಮನೆಯಿಂದ ದೀಪದ ಚಿಮಣಿ ಎಣ್ಣೆ ತರಿಸಿ ಬೋಲ್ಟಿನ ಸುತ್ತ ಹನಿಸಿದ. ಒಳಗೆ ಇಳಿಯಲಿ ಎಂದು ಕಾದ. ಕಾಯುವಾಗ ಕಿವಿಯೆಲ್ಲ ರಸ್ತೆಯ ಕಡೆಗೇ. ಮುರ್ಡೇಶ್ವರದ ಕಡೆಯಿಂದ ಒಂದು ಗಾಡಿ ಹೊನ್ನಾವರದ ದಿಕ್ಕಿಗೆ ಹಾರನ್ನು ಬಾರಿಸುತ್ತ ಹೋಯಿತು. ಅದೂ ಪಾಸಿಂಗಿಗೇ ಹೊರಟದ್ದು, ಅನುಮಾನವಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು. ವೆಂಕಟ ಮತ್ತೆ ಪಾನಾ ಹಿಡಿದ. ಬೋಲ್ಟು ಬಂಡೆಯಲ್ಲಿ ಹುಟ್ಟಿದ್ದರ ಹಾಗೆ ಕೂತಿತ್ತು.

"ಒಂದು ಉದ್ದದ ಕಬ್ಬಿಣದ ನಳಿಗೆ ಸಿಕ್ಕಿಸು ಆ ಪಾನಾಕ್ಕೆ," ಎಂದ ಕುಪ್ಪ ಬೇಲಿಯಿಂದ. "ನಾವಿಬ್ಬರೂ ಹಿಡಿದು ತೂಗಿದರೆ ಅದರ ಅಜ್ಜ ಬತ್ತಾನೆ."

ಬರುತ್ತಾನೆ, ಅದು ವೆಂಕಟನಿಗೂ ಗೊತ್ತು. ಮರಳುಗಾಡಿನಲ್ಲಿ ಅವನ ಜೊತೆಗಾರನೊಬ್ಬ ಹೀಗೆಯೇ ನಳಿಗೆ ಸಿಕ್ಕಿಸಿ ತೂಗಿದ್ದ. ಟಿಣ್ ಎಂದು ಸಣ್ಣ ಸದ್ದು, ಕೈಬಳೆ ಒಡೆದಷ್ಟು. ಬೋಲ್ಟಿನ ತಲೆ ಪಾನಾದಲ್ಲಿ, ಮೈ ಇಂಜಿನ್ನಿನಲ್ಲಿ. ಮುಂದೆ ಹೋಗುತ್ತಿದ್ದ ಲಾರಿಗಳು ಯಾರಿಗಾಗಿಯೂ ನಿಲ್ಲಲಿಲ್ಲ. ಆ ಲಾರಿಯನ್ನು ಮರಳಿನಲ್ಲಿ ಬಿಟ್ಟೇ ಹೋಗಬೇಕಾಯಿತು. ಅಲ್ಲಿ ಸರಕಾರದ ಲಾರಿಗಳು ಸಾಲುಸಾಲು ಇದ್ದವು. ಇಲ್ಲಿ ಇರುವುದು ಇದೊಂದು.

ಅವನು ಹೀಗೆ ಯೋಚಿಸುತ್ತಿರುವಾಗಲೇ ಬೀರಪ್ಪ ಇನ್ನೊಂದು ಬದಿಯಿಂದ ಕಾರಿನಡಿಗೆ ತೂರಿ ಬಂದ. ತಮ್ಮನಿಗೆ ಕೈ ಕೊಡೋಣವೆಂದು, ಒಳ್ಳೆಯ ಮನಸ್ಸಿನಿಂದಲೇ, ಪಾನಾ ಹಿಡಿದು ತನ್ನ ಬಲವನ್ನೆಲ್ಲ ಹಾಕಿ ಜಗ್ಗಿದ. ಜಗ್ಗಿದ್ದು ಬಿಗಿಯುವ ದಿಕ್ಕಿಗೆ.

"ಬಿಡು! ಮುಟ್ಟಬೇಡ ಅದನ್ನು!" ವೆಂಕಟನ ಕೂಗಿಗೆ ತೆಂಗಿನ ಮೇಲಿನ ಕಾಗೆಗಳು ಎದ್ದವು. "ಇದು ದೋಣಿ ಅಲ್ಲ ಅಣ್ಣಾ! ಯಾರು ಹೇಳಿದರು ನಿಂಗೆ ಮುಚ್ಚೂಕೆ? ಯಾರು ಹೇಳಿದರು ಮೀಸೂಕೆ? ನೀ ಏನೂ ಮಾಡದೆ ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು!"

ಬೀರಪ್ಪ ಪಾನಾ ಬಿಟ್ಟ. ಮೆಲ್ಲನೆ ಹಿಂದಕ್ಕೆ ಸರಿದು ಹೊರಗೆ ಹೋದ. ಅವನ ಪಾದಗಳು ದೋಣಿಯ ಕಡೆ ನಡೆದು ಹೋಗುವುದು ವೆಂಕಟನಿಗೆ ಮಲಗಿದಲ್ಲಿಂದ ಕಾಣಿಸಿತು. ಕುಪ್ಪ ಕೂಡ ಬೇಲಿ ಬಿಟ್ಟು ಹೋದ.

 ಆಮೇಲೆ ಕಾರಿನ ಪಕ್ಕಕ್ಕೆ ಒಂದು ತಟ್ಟೆ ಗಂಜಿ ಬಂದು ಕೂತಿತು, ಅದರ ಹಿಂದೆ ಅತ್ತಿಗೆ ಬೆಳ್ಳಿಯ ಸೀರೆಯ ಅಂಚು.

"ಉಣ್ಣು. ಹಸಿದ ಹೊಟ್ಟೆಯಲ್ಲಿ ಬೈದರೆ ಬೈಗಳ ಸಮಾ ಬತ್ತಿಲ್ಲ."

"ನಂಗೆ ಬೇಡ ಅತ್ತಿಗೆ."

"ಬೇಡದಿದ್ದರೆ ಬೇಡ. ಆದರೆ ಕೇಳು." ಬೆಳ್ಳಿ ನೆಲಕ್ಕೆ ಕೂತಳು. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ದನಿ ಮಾತ್ರ ಚಕ್ರದ ಆಚೆಯಿಂದ ಬರುತ್ತಿತ್ತು. "ನೀ ಹೊರಟುಹೋದ ವರ್ಷ ನಿನ್ನ ಸುದ್ದಿಯೇ ಇರಲಿಲ್ಲ. ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇವರು ದಿನಾ ಬೆಳಗ್ಗೆ ಎದ್ದು ಮೊದಲು ಇಲ್ಲಿಗೆ ಬತ್ತಿದ್ದರು. ಕಾರಿನ ಅಡಿಗೆ ಮರಳಿನ ಮೇಲೆ ಕರೀ ಹನಿ ಬಿದ್ದಿರ್ತಿತ್ತು. 'ಬೆಳ್ಳೀ, ಇವತ್ತೂ ಸೋರಿದೆ ಕಾಣೇ' ಅಂತ ಬಂದು ಕೂತರೆ ಗಂಜಿ ಇಳೀತಿರಲಿಲ್ಲ. ಎಲ್ಲೋ ತಮ್ಮನ ಮೈಯಿಂದಲೇ ಸೋರ್ತದೆ ಅಂತ ಅವರ ಮನಸ್ಸಿಗೆ ಹೊಕ್ಕಿತ್ತು. ನಾ ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ದಿನ ಮಿಂದು, ಜಟಗ ದೇವರ ಕಲ್ಲಿಗೆ ಕಾಯಿ ಒಡೆದು ಬಂದು ಮುಚ್ಚಿದರು. ಅವತ್ತು ಹೊಟ್ಟೆ ತುಂಬ ಉಂಡರು."

ವೆಂಕಟ ಮೇಲೆ ನೋಡಿದ. ಅವನ ಮುಖದಿಂದ ಒಂದು ಮೊಳ ಎತ್ತರದಲ್ಲಿ ಆ ಬೋಲ್ಟು, ಅದರ ಸುತ್ತ ಉಳಿದ ರಾಳದ ಹಳದಿ ಅಂಚು. ಅದರಲ್ಲಿ ಅಣ್ಣನ ಹೆಬ್ಬೆರಳಿನ ಒತ್ತು ಹಾಗೆಯೇ ಅಚ್ಚಾಗಿ ನಿಂತಿತ್ತು. ದೇವರು ಕೆಲವರಿಗೆ ಭಕ್ತಿಯನ್ನು ಬಾಯಲ್ಲಿ ಕೊಡದೆ ಕೈಯಲ್ಲಿ ಕೊಟ್ಟಿರುತ್ತಾನೆ. ಅಂಥವರ ಪ್ರಾರ್ಥನೆ ಎಲ್ಲಾದರೂ ಒಂದು ಕಡೆ ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಅಂಥ ಒಂದು ಪ್ರಾರ್ಥನೆಯನ್ನೇ ತಾನು ಬೆಳಗಿನಿಂದ ಉಳಿ ಹಾಕಿ ಒಡೆಯುತ್ತಿದ್ದೇನೆ ಎನ್ನಿಸಿ ಅವನಿಗೆ ಒಂದು ಕ್ಷಣ ಕೈ ಬರಲಿಲ್ಲ.

ಆದರೆ ಹೊಳೆಯ ನೀರು ಯಾರ ಮನಸ್ಸಿಗಾಗಿಯೂ ಕಾಯುವುದಿಲ್ಲ. ವೆಂಕಟ ಹೊರಗೆ ಬಂದು, ಮೈಯ ಮರಳು ಕೊಡವಿಕೊಂಡು, ದೋಣಿಯ ಹತ್ತಿರ ಹೋದ. ಬೀರಪ್ಪ ದೋಣಿಯ ನೆರಳಲ್ಲಿ ಕೂತು ಒಂದು ಹಲಗೆಯನ್ನು ಸುಮ್ಮನೆ ಸವರುತ್ತಿದ್ದ.

"ಅಣ್ಣಾ."

"ಹೂಂ."

"ಹಳೇ ದೋಣಿ ಬಿಚ್ಚೂಕೆ ಬಂದರೆ, ಆ ರಾಳ ಹ್ಯಾಂಗೆ ಬಿಡಿಸ್ತಿ ನೀನು?"

ಬೀರಪ್ಪ ತಲೆ ಎತ್ತಲಿಲ್ಲ. "ಬೆಂಕಿ ಕೊಡೂದು. ಅಡೀಗೆ ಒಣ ಮಡಲು ಹಾಕಿ ಬೀಸಿ ಕಾಯಿಸಿದರೆ ಮೆತ್ತಗಾತದೆ. ಬಿಸಿ ಇರುವಾಗಲೇ ಎಳೀಬೇಕು. ತಣಿದರೆ ಮೊದಲಿಗಿಂತ ಗಟ್ಟಿ." ಹಲಗೆ ಸವರುತ್ತಲೇ ಹೇಳಿದ: "ಆಗಲೇ ಹೇಳೂಕೆ ಬಂದಿದ್ದೆ. ದೋಣಿ ಅಲ್ಲ ಅಂದೆಯಲ್ಲ, ಅದಕ್ಕೆ ಸುಮ್ಮನಾದೆ."

ಬೆಂಕಿ! ವೆಂಕಟ ಕಾರಿನ ಕಡೆ ತಿರುಗಿ ನೋಡಿದ. ಆ ಹಳೇ ಕಾರಿಗೆ ಪೆಟ್ರೋಲಿನ ಟಾಂಕಿ ಹಿಂದೆ ಇರಲಿಲ್ಲ. ಇಂಜಿನ್ನಿಗೆ ತಾಗಿಕೊಂಡೇ, ಮುಂದಿನ ಗಾಜಿನ ಕೆಳಗೆ ಇತ್ತು. ಅದರಲ್ಲಿ ನಿನ್ನೆ ತುಂಬಿಸಿದ ಪೆಟ್ರೋಲು. ಬೋಲ್ಟಿನ ಸುತ್ತ ತಾನೇ ಹನಿಸಿದ ಚಿಮಣಿ ಎಣ್ಣೆ. ಮೇಲೆ ಒಣ ಮಡಲಿನ ಚಪ್ಪರ, ನಾಲ್ಕು ಹೆಜ್ಜೆ ಆಚೆಗೆ ಮರದ ದೋಣಿ, ಅದರಾಚೆಗೆ ಹುಲ್ಲು ಹೊದೆಸಿದ ಮನೆ. ಒಂದು ಕಿಡಿ ಸಾಕು, ಪರ್ಮಿಟ್ಟಿನ ಮಾತು ಹೋಗಲಿ, ಇಬ್ಬರ ಬದುಕೂ ಒಂದೇ ಉರಿಯಲ್ಲಿ ಮುಗಿಯುತ್ತದೆ.

"ಮಡಲು ಬೇಡ ಅಣ್ಣಾ. ಉರಿ ಏಳಬಾರದು."

"ಹಾಂಗಾದರೆ ಕೆಂಡ. ಕರಟದ ಕೆಂಡಕ್ಕೆ ಉರಿ ಇಲ್ಲ, ಕಾವು ಜಾಸ್ತಿ."

ಅಲ್ಲಿಂದ ಮುಂದೆ ಮೂವರೂ ಮಾತು ಕಡಿಮೆ ಮಾಡಿ ಕೆಲಸಕ್ಕೆ ನಿಂತರು. ಅಣ್ಣ ತಮ್ಮಂದಿರು ಕಾರನ್ನು ಚಪ್ಪರದಿಂದ ಬಯಲಿಗೆ ನೂಕಿದರು. ವೆಂಕಟ ರಬ್ಬರ್ ನಳಿಗೆ ಬಿಟ್ಟು ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಡಬ್ಬಿಯನ್ನು ದೂರದ ಬಾವಿಕಟ್ಟೆಗೆ ಒಯ್ದು ಇಟ್ಟು ಬಂದ. ಟಾಂಕಿಯೊಳಗೆ ಉಳಿದ ವಾಸನೆಯನ್ನು ಏನು ಮಾಡುವುದು? ಅದರ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಮೇಲೆ ಒದ್ದೆ ಗೋಣಿ ಹೊದೆಸಿ, ಇನ್ನೊಂದನ್ನು ಕೈಗೆ ಸಿಗುವಂತೆ ಕಾರಿನ ಪಕ್ಕದಲ್ಲಿ ಇಟ್ಟ. ಬೋಲ್ಟಿನ ಸುತ್ತಲ ಚಿಮಣಿ ಎಣ್ಣೆಯನ್ನು ಒರೆಸಿದ, ಮತ್ತೆ ಒರೆಸಿದ, ಮೂಸಿ ನೋಡಿ ಇನ್ನೊಮ್ಮೆ ಒರೆಸಿದ. ಬೆಳ್ಳಿ ಬಚ್ಚಲೊಲೆಯಿಂದ ಕರಟದ ಕೆಂಡವನ್ನು ಒಡಕು ಮಡಕೆಯಲ್ಲಿ ತುಂಬಿ, ಸೆರಗಿನಿಂದ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ತಂದಳು. ಅವಳ ತುಟಿ ಅಲುಗುತ್ತಿತ್ತು. ಊರಮ್ಮನಿಗೋ ಜಟಗನಿಗೋ ಯಾರಿಗೋ ಹರಕೆ ಹೋಗುತ್ತಿತ್ತು.

ಬೀರಪ್ಪ ಮಡಕೆಯನ್ನು ಬೋಲ್ಟಿನ ನೇರಕ್ಕೆ ತಂದು ಮರಳಿನಲ್ಲಿ ಹೂತು, ಸಣ್ಣ ಬೀಸಣಿಗೆಯಿಂದ ಬೀಸತೊಡಗಿದ. ವೆಂಕಟ ಆಚೆ ಬದಿಗೆ ಪಾನಾ ಹಿಡಿದು ಮಲಗಿದ. ಕೆಂಡದ ಕಾವು ಕೆನ್ನೆಯನ್ನು ಸುಡುತ್ತಿತ್ತು. ರಾಳ ಮೊದಲು ಬೆವರಿತು. ಆಮೇಲೆ ಅಂಚಿನಲ್ಲಿ ಸಣ್ಣಗೆ ಗುಳ್ಳೆ ಎದ್ದಿತು. ಮೀನೆಣ್ಣೆ ಸುಟ್ಟ ವಾಸನೆ ಅಂಗಳವೆಲ್ಲ ತುಂಬಿತು.

"ಈಗ ತಿರುಗಿಸಲಾ?"

"ಇಲ್ಲ."

"ಹೊತ್ತಾತು ಅಣ್ಣಾ."

"ಹೊತ್ತಾತು ಅಂತ ರಾಳಕ್ಕೆ ಗೊತ್ತಿಲ್ಲ. ತಡಿ."

ಒಂದು ಹನಿ ರಾಳ ಕೆಂಡದ ಮೇಲೆ ಬಿತ್ತು.

ಭುಗಿಲ್ಲೆಂದು ಎದ್ದ ಉರಿ ಇಂಜಿನ್ನಿನ ಹೊಟ್ಟೆಯನ್ನು ನೆಕ್ಕಿ ಮೇಲಕ್ಕೆ, ಟಾಂಕಿಯ ದಿಕ್ಕಿಗೆ ನಾಲಗೆ ಚಾಚಿತು. ಬೆಳ್ಳಿ ಚೀರಿದಳು. ಯುದ್ಧ ನೋಡಿ ಬಂದ ವೆಂಕಟನ ಕೈಕಾಲು ಅಲ್ಲೇ ಮರಗಟ್ಟಿದವು. ಉರಿಯೊಂದನ್ನು ಬಿಟ್ಟು ಅವನಿಗೆ ಬೇರೇನೂ ಕಾಣಲಿಲ್ಲ. ಅಷ್ಟರಲ್ಲಿ ಬೀರಪ್ಪ ಪಕ್ಕದಲ್ಲಿದ್ದ ಒದ್ದೆ ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ಉರಿಯ ಮೇಲೆ, ಮಡಕೆಯ ಮೇಲೆ ಒತ್ತಿ ಹಿಡಿದ. ಚುಂಯ್ ಎಂದು ಹಬೆ ಎದ್ದಿತು. ಹೊಗೆಯೊಳಗಿಂದ ಅವನ ದನಿ ಬಂತು, ಸ್ವಲ್ಪವೂ ಏರದೆ, ಹಲಗೆ ಜೋಡಿಸುವಾಗಿನ ಹಾಗೆಯೇ:

"ಈಗ. ಈಗ ತಿರುಗಿಸು ತಮ್ಮಾ. ತಣಿಯೂಕೆ ಬಿಡಬೇಡ."

ವೆಂಕಟ ಪಾನಾ ಕೂರಿಸಿದ.  ಉರುಟಾದ ಮೂಲೆಯನ್ನು ತಪ್ಪಿಸಿ, ಎರಡು ಒಳ್ಳೆಯ ಮೂಲೆಗಳ ಮೇಲೆ ಬಾಯಿ ಕಚ್ಚಿಸಿ, ಮೆಲ್ಲನೆ ಭಾರ ಹಾಕಿದ. ಏನೂ ಇಲ್ಲ. ಇನ್ನಷ್ಟು ಹಾಕಿದ. ಆಗ ಪಾನಾ ಅಲುಗಿತು. ಮೆತ್ತಗೆ, ಬೆಣ್ಣೆಯಲ್ಲಿ ತಿರುಗಿದ ಹಾಗೆ.

ಅವನು ಕೈ ತಡೆದ. ಬಿಡುವ ಬೋಲ್ಟೂ ಮೊದಲು ಹೀಗೆಯೇ ಮೆತ್ತಗಾಗುತ್ತದೆ, ಮುರಿಯುವ ಬೋಲ್ಟೂ ಮೊದಲು ಹೀಗೆಯೇ ಮೆತ್ತಗಾಗುತ್ತದೆ. ಕೈಗೆ ಎರಡೂ ಒಂದೇ. ಯಾವುದು ಎಂದು ತಿಳಿಯಬೇಕಾದರೆ ಇನ್ನೊಂದಿಷ್ಟು ತಿರುಗಿಸಲೇಬೇಕು. ತಿರುಗಿಸಿದ ಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ಆ ಸದ್ದಿಗಾಗಿ, ಬಳೆ ಒಡೆದಂಥ ಆ ಸಣ್ಣ ಸದ್ದಿಗಾಗಿ ಅವನ ಮೈಯೆಲ್ಲ ಕಿವಿಯಾಯಿತು.

"ಎಂತಕೆ ನಿಂತೆ?" ಬೀರಪ್ಪ ಕೇಳಿದ.

"ಮುರೀತದೋ ಏನೋ ಅಣ್ಣಾ. ಗೊತ್ತಾಗೂದಿಲ್ಲ."

ಬೀರಪ್ಪ ಗೋಣಿ ಬಿಟ್ಟು ಈಚೆ ಬಂದ. ಈ ಸಲ ಪಾನಾ ಹಿಡಿಯಲಿಲ್ಲ. ತಮ್ಮನ ಮುಂಗೈಯ ಮೇಲೆ ತನ್ನ ಕೈ ಇಟ್ಟ, ಅಷ್ಟೇ. ಅಂಗೈ ಉರಿಗೆ ಕೆಂಪಾಗಿತ್ತು. "ಆಗೂದು ಆಗಲಿ," ಎಂದ. "ಮುರಿದರೆ ಇಬ್ಬರೂ ಸೇರಿ ಮುರಿದದ್ದು."

ವೆಂಕಟ ತಿರುಗಿಸಿದ.

ಕಿರ್ರ್ ಎಂದಿತು. ಒಡೆದ ಸದ್ದಲ್ಲ, ಹಳೇ ಬಾಗಿಲು ತೆರೆದ ಸದ್ದು. ಬೋಲ್ಟು ಕಾಲು ಸುತ್ತು ಬಂತು. ಸುಟ್ಟ ನೂಲಿನ ಎಳೆಯೊಂದು ಅದರ ಕುತ್ತಿಗೆಯಿಂದ ಹೊರಬಂದು ನೇತಾಡಿತು. ಅರ್ಧ ಸುತ್ತು. ಆಮೇಲೆ ಬಟ್ಟೆ ಸುತ್ತಿದ ಬೆರಳಿನಿಂದಲೇ ತಿರುಗಿಸಬಹುದಾದಷ್ಟು ಸಲೀಸು. ಬೀರಪ್ಪ ಕೆಂಡದ ಮಡಕೆಯನ್ನು ಆಚೆಗೆ ಎಳೆದು ಮಣ್ಣಿನ ಬೋಗುಣಿಯನ್ನು ಒತ್ತಿಕೊಟ್ಟ. ಬೋಲ್ಟು ಕೈಗೆ ಬಂದದ್ದೇ ತಡ, ಮೊದಲು ನೀರು ಸುರಿಯಿತು, ಆಮೇಲೆ ಬಿಳಿ ಲೋಳೆ, ಕಡೆಗೆ ಕಪ್ಪಗೆ, ದಪ್ಪಗೆ, ನಿಧಾನವಾಗಿ ಹಳೇ ಎಣ್ಣೆ.  ಬೆಳ್ಳಿ ಕಣ್ಣೊರೆಸಿಕೊಂಡು, "ಹೊಗೆ," ಎಂದಳು.

ಸಂತೋಷಪಡುವ ಹೊತ್ತು ಅದಾಗಿರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗಿತ್ತು. ಒಂದಿಷ್ಟು ಹೊಸ ಎಣ್ಣೆ ಹೊಯ್ದು ಒಳಗನ್ನು ತೊಳೆದು ಚೆಲ್ಲಿ, ಬೋಲ್ಟು ಒರೆಸಿ ಹಾಕಿ, ಉಳಿದದ್ದನ್ನು ಹೊಯ್ದರು. ಇಂಜಿನ್ನು ತಣಿದು, ಒದ್ದೆ ಬಟ್ಟೆ ತೆಗೆದು, ಪೆಟ್ರೋಲು ತಿರುಗಿ ತುಂಬುವವರೆಗೆ ಕಾಯುವುದು ವೆಂಕಟನಿಗೆ ಬೆಳಗಿನ ಎಲ್ಲದಕ್ಕಿಂತ ಕಷ್ಟವಾಯಿತು. ಹ್ಯಾಂಡಲು ಹೊಡೆದ. ಇಂಜಿನ್ನು ಕೆಮ್ಮಿತು. ಮತ್ತೆ ಹೊಡೆದ. ಸೀನಿತು. ಮೂರನೆಯ ಸಲಕ್ಕೆ ಗಡಗಡನೆ ಎದ್ದು ನಿಂತು ನೀಲಿ ಹೊಗೆಯನ್ನು ಬೇಲಿಯ ಕಡೆಗೆ ಬಿಟ್ಟಿತು. ಅಲ್ಲಿ ಕುಪ್ಪ ತಿರುಗಿ ಬಂದು ನಿಂತಿದ್ದ.

"ನಾ ಹೇಳಲಿಲ್ವಾ, ಕಷಾಯ ಕೊಟ್ಟರೆ ಸಮಾ ಆತದೆ ಅಂತ!" ಎಂದು ಅವನು ಕೆಮ್ಮುತ್ತಲೇ ಕೂಗಿದ.

"ಅಣ್ಣಾ, ನೀನೂ ಹತ್ತು."

"ನಾ ಎಂತಕೆ? ನನ್ನ ಪಂಚೆ ಕಾಣು."

"ಹತ್ತು ಅಂದೆನಲ್ಲ."

ಕಾಸರಕೋಡು ಮುಟ್ಟುವಾಗ ನೀರು ಇಳಿಯತೊಡಗಿತ್ತು. ದಡದ ಕೆಸರಿನ ಮೇಲೆ ಒದ್ದೆಯ ಗೆರೆ ಕಾಣುತ್ತಿತ್ತು. ಜಂಗಲಿನ ಮುಖ್ಯಸ್ಥ ಕೈ ಅಲ್ಲಾಡಿಸಿ ಆಗೂದಿಲ್ಲ ಎಂದ. ವೆಂಕಟ ಬಾಯಿ ತೆರೆಯುವ ಮೊದಲೇ ಬೀರಪ್ಪ ಇಳಿದು ಹೋಗಿ, ಜಂಗಲಿನ ದೋಣಿಗಳಲ್ಲೊಂದರ ಬದಿಯನ್ನು ತಟ್ಟಿ ನೋಡಿ, ಏನೋ ಹೇಳಿದ. ಏನು ಹೇಳಿದನೋ ವೆಂಕಟನಿಗೆ ಕೇಳಿಸಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಕೊಂಕಣಿಯಲ್ಲಿ ಮಾತಾಡಿದರು, ನಕ್ಕರು. ಹಲಗೆಯ ಕೆಳಗೆ ಎರಡು ತೆಂಗಿನ ಕೊರಡು ಬಂದವು. ಕಾರು ಹತ್ತಿತು. ಹತ್ತುವಾಗ ಹಿಂದಿನ ಚಕ್ರ ಒಮ್ಮೆ ಜಾರಿದಾಗ ವೆಂಕಟನ ಬಾಯಿಂದ ಬಂದ ದೇವರ ಹೆಸರನ್ನು ಹೊಳೆಯ ಆಚೆ ದಡದವರೂ ಕೇಳಿರಬೇಕು.

ಹೊನ್ನಾವರದಿಂದ ಕುಮಟೆಯವರೆಗೂ ವೆಂಕಟ ರಸ್ತೆ ನೋಡಿದ್ದಕ್ಕಿಂತ ಇಂಜಿನ್ನಿನ ಸದ್ದು ಕೇಳಿದ್ದೇ ಹೆಚ್ಚು. ಬಂಗಲೆಯ ಮುಂದೆ ಬಂದು ನಿಂತಾಗ ಉಳಿದ ಗಾಡಿಗಳೆಲ್ಲ ಹೋಗಿಯಾಗಿತ್ತು. ಸಾಹೇಬರು ಟೊಪ್ಪಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಕಾರನ್ನು ನೋಡಿ ನಿಂತರು, ಮೂಗು ಏರಿಸಿದರು.

"ಏನ್ರೀ ಇದು, ಮೀನು ಸಾಗಸೋ ಗಾಡಿಯೇನು?"

"ಅಲ್ಲ ಸಾಹೇಬ್ರೇ, ಮೀನೆಣ್ಣೆ. ನನ್ನ ಅಣ್ಣ..." ವೆಂಕಟ ತಡವರಿಸಿದ. "ಆರು ವರ್ಷ ಇವರು ಕಾಪಾಡಿ ಇಟ್ಟದ್ದು."

ಬೀರಪ್ಪ ಸುಟ್ಟ ಅಂಗೈಗಳನ್ನು ಜೋಡಿಸಿ ನಿಂತಿದ್ದ. ಸಾಹೇಬರು ಮುಚ್ಚಳ ಎತ್ತಿಸಿದರು. ಬ್ರೇಕು ನೋಡಿದರು, ದೀಪ ನೋಡಿದರು. ಇಂಜಿನ್ನು ನಿಲ್ಲಿಸಿ ತಿರುಗಿ ಹೊಡೆಯಲು ಹೇಳಿದರು. ವೆಂಕಟ ಹ್ಯಾಂಡಲು ಹೊಡೆದ. ಇಂಜಿನ್ನು ಒಂದೇ ಏಟಿಗೆ ಎದ್ದಿತು. ಸಾಹೇಬರು ಬಗ್ಗಿ ಅಡಿಯನ್ನೂ ನೋಡಿದರು. ಮತ್ತೆ ಮೆಟ್ಟಿಲು ಹತ್ತಿ ಒಳಗೆ ಹೋದರು. ಸಾಹೇಬರ ಜವಾನ, ಪಟ್ಟೇವಾಲ ಬಂದು, "ಪಾಸು. ನಾಳೆ ಬಂದು ಪರ್ಮಿಟ್ಟು ಒಯ್ಯಿ," ಎಂದ.

ವೆಂಕಟ ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತ.  ಕುಮಟೆಯ ಪೇಟೆಯ ಸದ್ದು, ಯಾವುದೋ ಗುಡಿಯ ಗಂಟೆ, ದೂರದ ಕಡಲು ಎಲ್ಲ ಈಗಷ್ಟೇ ಕಿವಿಗೆ ಬೀಳತೊಡಗಿದವು. ಬೀರಪ್ಪ ಬಂದು ಪಕ್ಕದಲ್ಲಿ ಕೂತ.

"ತಮ್ಮಾ, ಒಂದು ಕೇಳ್ತೆ, ಸಿಟ್ಟು ಮಾಡಬೇಡ."

"ಕೇಳಣ್ಣಾ."

"ಆ ಬೋಲ್ಟು ಯಾವ ಬದಿಗೆ ತಿರುಗಿದರೆ ಬಿಡ್ತದೆ, ಯಾವ ಬದಿಗೆ ತಿರುಗಿದರೆ ಹಿಡೀತದೆ? ಅಡೀಗೆ ಮಲಗಿದರೆ ನಂಗೆ ದಿಕ್ಕೇ ತಪ್ಪಿ ಹೋತದೆ."

ವೆಂಕಟ ಅಣ್ಣನ ಮುಖ ನೋಡಿದ. ಎದ್ದು, ಸೀಟಿನ ಕೆಳಗಿನಿಂದ ಪಾನಾ ತೆಗೆದುಕೊಂಡ. ಬಂಗಲೆಯ ಕೆಂಪು ಮಣ್ಣಿನ ಅಂಗಳದಲ್ಲಿ ಇಬ್ಬರೂ ಅಕ್ಕಪಕ್ಕ ಅಂಗಾತ ಮಲಗಿ ಕಾರಿನಡಿಗೆ ಸರಿದರು. ದೀಪ ಹಚ್ಚಲು ಬಂದ ಪಟ್ಟೇವಾಲನಿಗೆ ಹೊರಗೆ ಚಾಚಿದ ನಾಲ್ಕು ಕಾಲುಗಳಷ್ಟೇ ಕಂಡವು.

"ಏನಾಯ್ತಪ್ಪಾ, ಈಗಷ್ಟೇ ಪಾಸಾಯ್ತಲ್ಲ, ಆಗಲೇ ಕೆಟ್ಟಿತಾ?"

"ಇಲ್ಲ," ಎಂಬ ಉತ್ತರ ಕೆಳಗಿನಿಂದ ಎರಡು ದನಿಯಲ್ಲಿ ಬಂತು. ಆಮೇಲೆ ಒಂದೇ ದನಿ, ಸಣ್ಣಗೆ: "ಹಾಂ, ಹೀಂಗೆ ಹಿಡಿ ಅಣ್ಣಾ. ಈಗ ಮೆಲ್ಲ ತಿರುಗಿಸಿ ನೋಡು."